ಮುಂದಿನ ಪಾಳಿ

ಉರ್ಹೋ ಕಂಗಾಸನಿಗೆ ಎಡಗಿವಿ ಕೇಳುವುದಿಲ್ಲ.
ಇಪ್ಪತ್ತಾರು ವರ್ಷ ತಾಮ್ರದ ಗಣಿಯಲ್ಲಿ ಮದ್ದಿಟ್ಟವನು.
ಈಗ ಗಣಿ ಮುಚ್ಚಿದೆ, ಗುಂಡಿಯಲ್ಲಿ ಕೆಂಪು ನೀರು ಏರುತ್ತಿದೆ.
ಮಂಗಳವಾರ ಸಂಜೆ ಟ್ವೈಲಾಳ ಬಾರಿಗೆ ಬಂದು
ಬಲಗಿವಿಯನ್ನು ನನ್ನ ಕಡೆಗಿಟ್ಟು ಕೂರುತ್ತಾನೆ.

ನಾನು ನೆಡ್ರಾ. ಬ್ಯೂಟ್ ಊರಿನ ಶಾಲೆಯ ಬಸ್ಸು ಓಡಿಸುತ್ತೇನೆ.
ಹಿಮಗಟ್ಟಿದ ಇಳಿಜಾರಿನಲ್ಲಿ
ನಲವತ್ತು ಮಕ್ಕಳನ್ನು ಹೊತ್ತು ಬ್ರೇಕು ಹೇಗೆ ಒತ್ತಬೇಕು, ಗೊತ್ತು.
ಪೂಲ್ ಮೇಜಿನ ಈ ಬ್ರೇಕು ಗೊತ್ತಿರಲಿಲ್ಲ.
ಒಂದು ನಿಲ್ಲಿಸುವುದು, ಒಂದು ಒಡೆಯುವುದು,
ಕಿವಿಗೆ ಎರಡೂ ಒಂದೇ.
'ಒಟ್ಟಿಗೇ ಕಲಿ,' ಅಂದ ಉರ್ಹೋ, ಅರ್ಧ ಕಿವಿಯವನು.

ಮೊದಲೆಲ್ಲ ಹಳೆಯ ಸಿಟ್ಟು ತೀರಿಸುವವಳ ಹಾಗೆ ಹೊಡೆಯುತ್ತಿದ್ದೆ.
ಬಿಳಿ ಚೆಂಡು ಮೇಜು ದಾಟಿ ಹಾರಿ
ಜೂಕ್‌ಬಾಕ್ಸಿನ ಗಾಜಿಗೆ ಬಡಿದದ್ದುಂಟು,
ಒಮ್ಮೆ ಯಾರದೋ ಸೂಪಿಗೆ.
ಹೆಚ್ಚಿನ ಸಲ ಪಕ್ಕದ ಕುಳಿಗೆ ಬಿದ್ದು
ಮೇಜಿನ ಹೊಟ್ಟೆಯೊಳಗೆ ಗುಡುಗುಡು ಉರುಳಿ
ಇನ್ನೊಂದು ಬಾಯಿಂದ ಹೊರಗೆ ಬರುತ್ತಿತ್ತು.
ಬಣ್ಣದವು ಬಿದ್ದರೆ ಬಿದ್ದವೇ, ಮತ್ತೆ ನಾಣ್ಯ ಹಾಕುವವರೆಗೆ.
ಬಿಳಿಗೆ ಮಾತ್ರ ಮರಳುವ ದಾರಿ ಇಟ್ಟಿದ್ದಾರೆ.

'ಅದನ್ನ ನೆಚ್ಚಿಕೋಬೇಡ.
ಕೆಳಗೆ ಇಳಿದೋರು ತಪ್ಪದೆ ಮೇಲೆ ಬರೋದು
ಈ ಮೇಜಲ್ಲಿ ಮಾತ್ರ.
ಬಂದರೂ, ಎದುರಾಳಿ ಕೈಗೆ.'

ಎದ್ದು ಬಂದು
ತ್ರಿಕೋನದ ಮೂತಿಯ ಚೆಂಡನ್ನು ಬೆರಳಿಂದ ಮುಟ್ಟಿದ.
'ಬಂಡೆ ಒಡೆಯೋದು ಮದ್ದಲ್ಲ.
ಮದ್ದು ಎಲ್ಲರ ಹತ್ರಾನೂ ಇರುತ್ತೆ.
ತೂತು ಎಲ್ಲಿ ಕೊರೆದೆ, ಅದು.
ಇದರ ಹಣೆಗೆ ಹೊಡಿ. ಹಣೆಯ ನಟ್ಟನಡುವಿಗೆ.
ಕೂದಲೆಳೆಯಷ್ಟು ಆಚೆಯಾದರೂ ಬಿಳಿ ನಿನ್ನ ಮಾತು ಕೇಳಲ್ಲ.'

ಮೇಜಿನ ನಡುವೆ ನೀಲಿ ಚಾಕಿನಿಂದ ಒಂದು ಸುತ್ತು ಬರೆದ,
ತಟ್ಟೆಯಗಲ. ಟ್ವೈಲಾ ಬೈದಳು.
ಕಿವುಡುಗಿವಿ ಅವಳತ್ತ ತಿರುಗಿಸಿದ.

ಜನವರಿ ಪೂರ್ತಿ, ಬೆಳಗಿನ ಟ್ರಿಪ್ಪಿಗೂ ಮಧ್ಯಾಹ್ನದ ಟ್ರಿಪ್ಪಿಗೂ ನಡುವೆ,
ಕೈಗವಸು ಕಳಚಿ, ಬೆರಳಿಗೆ ಉಸಿರೂದಿ, ಹೊಡೆದೆ.
ಕೋಲು ಮೇಜಿಗೆ ಒರಗಿದಷ್ಟು ಸಮ. ಭುಜ ಸುಮ್ಮನಿರಬೇಕು.
ಇರುವ ಬಲದಲ್ಲಿ ಕಾಲುಪಾಲು ಜೇಬಿನಲ್ಲೇ ಇರಲಿ.
ಬಿಳಿ ಎಡಕ್ಕೆ ಓಡಿತು, ಬಲಕ್ಕೆ ಓಡಿತು,
ಗೋಡೆ ಕಂಡ ಕುರಿಯ ಹಾಗೆ ಕಂಗಾಲಾಯಿತು.
ನನ್ನ ಕಣ್ಣೆಲ್ಲ ಚೆದುರುವ ಬಣ್ಣಗಳ ಮೇಲೆ,
ಅವನ ಕಣ್ಣು ಬಿಳಿಯ ಮೇಲೆ.
'ಒಡೆದದ್ದು ಒಡೆದೀತು ಬಿಡು.
ಹೊಗೆ ಇಳಿದ ಮೇಲೆ ನೋಡೋಕೆ
ಹೊಡೆದವನು ನಿಂತಿರಬೇಕಲ್ಲ.'

ಆಮೇಲೆ ಒಂದು ದಿನ, ಯಾಕೆಂದು ನನಗೂ ತಿಳಿಯದು,
ಬಿಳಿ ಹೋಗಿ ಬಡಿದು
ಒಂದಿಷ್ಟೇ ಪುಟಿದು, ಒಂದು ಗೇಣು ಹಿಂದೆ ಸರಿದು
ನೀಲಿ ಸುತ್ತಿನೊಳಗೆ ಕೂತಿತು,
ತನಗೂ ಈ ಗದ್ದಲಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಮಾರ್ಚಿನಲ್ಲಿ ಆನಕೊಂಡಾ ಊರಿನವರ ಮೇಲೆ ಕೊನೆಯ ಆಟ.
ನಾವು ಅಗೆದು ಕಳಿಸಿದ ಅದಿರನ್ನು
ಒಂದು ಕಾಲಕ್ಕೆ ಕರಗಿಸುತ್ತಿದ್ದ ಊರು ಅದು.
ಬ್ರೇಕು ನನ್ನದು.
ನಟ್ಟನಡುವೆ. ಸಿಡಿಲಿನ ಸದ್ದು.
ಹದಿನೈದೂ ಹದಿನೈದು ದಿಕ್ಕಿಗೆ ಹೋಗಿ,
ಎರಡು ಕುಳಿಯ ತುಟಿಯಲ್ಲಿ ತೂಗಿ,
ಎಲ್ಲ ನಿಂತವು.
ಒಂದೂ ಬೀಳಲಿಲ್ಲ.
ಬಿಳಿ ನಡುಮೇಜಿನಲ್ಲಿ, ಅಳೆದು ಇಟ್ಟಂತೆ.

ಸರದಿ ಗಾರ್ತ್‌ನದು.
ನಡುವೆ ಕೂತ ಬಿಳಿ, ಬಯಲಾದ ಮೇಜು,
ಬೇಡದೆಯೇ ಬಡಿಸಿಟ್ಟ ಊಟ.
ಒಂದೊಂದಾಗಿ ಏಳನ್ನೂ ಇಳಿಸಿದ, ಕೊನೆಗೆ ಎಂಟನೆಯದನ್ನೂ.
ನಾನು ಕೋಲು ಹಿಡಿದು ಗೋಡೆಗೆ ಒರಗಿದ್ದೆ, ಅಷ್ಟೆ.

ಹೊರಗೆ ಹಿಮ ಕೆರೆಯುತ್ತಾ ಕಾರಿನ ಹತ್ತಿರ ಕೇಳಿದೆ:
'ಎಲ್ಲಿ ತಪ್ಪಿದೆ?'
ಬಲಗಿವಿಯ ಕಡೆಯೇ ಕೇಳಿದ್ದೆ.
'ತಪ್ಪಲಿಲ್ಲ,' ಅಂದ.
'ಪಾಳಿ ಮುಗಿಯೋ ಹೊತ್ತಿಗೆ ಮದ್ದು ಸಿಡಿಸಿ
ನಾವು ಮೇಲೆ ಹತ್ತಿಬಿಡ್ತಿದ್ವಿ.
ಅದಿರು ತುಂಬ್ತಿದ್ದೋರು
ಯಾವತ್ತೂ ಮುಂದಿನ ಪಾಳಿಯೋರು.'

ನಗುತ್ತಿದ್ದನೋ ಚಳಿಗೆ ಹಲ್ಲು ಕಚ್ಚಿದ್ದನೋ.
ನಾಳೆ ಆರಕ್ಕೆ ಬಸ್ಸು ತೆಗೆಯಬೇಕು.
ಬೀಗದ ಕೈ ಹುಡುಕಿದರೆ ಜೇಬಿನಲ್ಲಿ ಸಿಕ್ಕಿದ್ದು
ನೀಲಿ ಚಾಕಿನ ತುಂಡು.